ಮೊದಲ ಸಲ ಕೇಳಿದಾಗ

ಜಾವಾದ ಈ ಜೋಗ್ಜಾ ಊರಿನಲ್ಲಿ ವಿಶ್ವವಿದ್ಯಾಲಯದ ಬೇಲಿಯ ಪಕ್ಕ ಮನೆ ಇದ್ದವರಿಗೆ ಕೋಣೆ ಬಾಡಿಗೆ ಕೊಡುವುದಕ್ಕಿಂತ ಸುಲಭದ ಕಸುಬು ಇನ್ನೊಂದಿಲ್ಲ. ನನ್ನದು ಹೆಣ್ಣುಮಕ್ಕಳ ಮನೆ. ಹುಡುಗಿಯರು ಬರುತ್ತಾರೆ, ಓದುತ್ತಾರೆ, ಅಳುತ್ತಾರೆ, ಪದವಿಯ ಟೊಪ್ಪಿ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ, ಹೋಗುತ್ತಾರೆ. ನನ್ನನ್ನು ಎಲ್ಲರೂ 'ಬು ಕಾಸ್' ಎನ್ನುತ್ತಾರೆ, ಕೋಣೆಗಳ ಅಮ್ಮ ಎಂದ ಹಾಗೆ. ನನ್ನ ಸ್ವಂತ ಹೆಸರು ಓಣಿಯವರಿಗೂ ಮರೆತುಹೋಗಿದೆ. ಇಷ್ಟು ವರ್ಷಗಳಲ್ಲಿ ಬಂದವರೆಲ್ಲ ಹೋದರು. ಹೋಗದೆ ಉಳಿದವಳು ಬಾವಿಕಟ್ಟೆಯ ಪಕ್ಕದ ಕೋಣೆಯ ವುರ್ಯಾನಿ ಒಬ್ಬಳೇ.

ಅವಳು ವೊನೊಗಿರಿಯ ಕಡೆಯವಳು. ಅಲ್ಲಿಯ ನೆಲವೆಲ್ಲ ಸುಣ್ಣದ ಕಲ್ಲು. ಅಲ್ಲಿಯ ಮಕ್ಕಳು ನಡೆಯಲು ಕಲಿತ ಕೂಡಲೇ ಜಕಾರ್ತಾದ ಬಸ್ಸು ಹತ್ತುತ್ತವೆ ಎಂದು ನಾವು ಹಾಸ್ಯ ಮಾಡುವುದುಂಟು. ವುರ್ಯಾನಿಯ ಅಮ್ಮನೂ ಹಾಗೆಯೇ ಹೋದವಳು. ಬೆನ್ನಿಗೆ ಬುಟ್ಟಿ ಕಟ್ಟಿಕೊಂಡು ಜಕಾರ್ತಾದ ಸಂದಿಗೊಂದಿಗಳಲ್ಲಿ ಜಮು ಕಷಾಯ ಮಾರಿ ಮಗಳನ್ನು ಓದಿಸಿದಳು. ಮಗಳು ಸಮಾಜಶಾಸ್ತ್ರ ಸೇರಿ ಸಂಶೋಧನೆಗೆ ಎತ್ತಿಕೊಂಡ ವಿಷಯವೂ ಅದೇ. ಜಮು ಮಾರಲು ಊರು ಬಿಟ್ಟ ಹೆಂಗಸರು, ಅವರು ದುಡಿದು ಕಟ್ಟಿಸಿ ಬೀಗ ಹಾಕಿದ ಮನೆಗಳು.

"ಊರಿಗೆ ಊರೇ ಖಾಲಿ ಆಗಿದೆ ಅಂತ ಹೇಳೋಕೆ ಒಬ್ಬಳು ಡಾಕ್ಟರ್ ಬೇಕಾ ನಾಕ್?" ಎಂದು, ಮಗಳನ್ನು ಕರೆಯುವ ಹಾಗೆ ಕರೆದು, ನಾನು ಛೇಡಿಸಿದ್ದೆ.

"ಎಲ್ಲರೂ ಹೋದ್ಮೇಲೆ ಹೇಳೋಕಾದ್ರೂ ಒಬ್ಬರು ಉಳೀಬೇಕಲ್ಲ ಬು," ಎಂದು ನಕ್ಕಿದ್ದಳು.

ಸಮಾಜವಿಜ್ಞಾನ ಓದಿದವರಿಗೆ ಕೆಲಸ ಸಿಗುವುದಿಲ್ಲ ಎನ್ನುತ್ತಾರೆ. ಅದು ಶುದ್ಧ ಸುಳ್ಳು. ನಾನು ಕಣ್ಣಾರೆ ನೋಡಿದ್ದೇನೆ, ಕೆಲಸ ಬೇಕಾದಷ್ಟಿದೆ, ನೌಕರಿ ಇಲ್ಲ, ಅಷ್ಟೆ. ಯಾರೋ ಹೊರದೇಶದವರು ಸಂಶೋಧನೆಗೆಂದು ಬರುತ್ತಾರೆ, ಮೂರು ತಿಂಗಳು ಹಳ್ಳಿ ಸುತ್ತಿಸಲು ಜನ ಬೇಕು. ಯಾವುದೋ ಸಂಸ್ಥೆಗೆ ಮನೆಮನೆಯ ಸಮೀಕ್ಷೆ ಆಗಬೇಕು. ಇನ್ನಾರೋ ಸಂದರ್ಶನಗಳನ್ನು ಧ್ವನಿಮುದ್ರಿಸಿ ತಂದಿರುತ್ತಾರೆ, ಅದನ್ನು ಕೇಳಿ ಕೇಳಿ ಅಕ್ಷರಕ್ಕೆ ಇಳಿಸಬೇಕು. ವುರ್ಯಾನಿ ಎಲ್ಲವನ್ನೂ ಮಾಡಿದಳು. ಪುಸ್ತಕ ಬಂದಾಗ ಕೊನೆಯ ಕೃತಜ್ಞತೆಯ ಪುಟದಲ್ಲಿ ಅವಳ ಹೆಸರಿರುತ್ತಿತ್ತು. ಒಮ್ಮೊಮ್ಮೆ ಅದೂ ತಪ್ಪಾಗಿ.

ನನ್ನ ಮನೆಯ ಕೋಣೆಗಳಿಗೆ ಗಂಡಸರು ಕಾಲಿಡುವ ಹಾಗಿಲ್ಲ. ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಅವಳ ಕೋಣೆಯಿಂದ ಗಂಡಸಿನ ಕೆಮ್ಮು ಕೇಳಿಸಿತು. ನಾನು ಪೊರಕೆ ಹಿಡಿದುಕೊಂಡೇ ಹೋಗಿ ಬಾಗಿಲು ಬಡಿದೆ. ತೆರೆದಳು. ಒಳಗೆ ಅವಳು, ಒಂದು ಕಂಪ್ಯೂಟರು, ಅದರಲ್ಲಿ ಯಾರೋ ಮುದುಕ ಮೀನುಗಾರ ತನ್ನ ದೋಣಿಯ ಕಥೆ ಹೇಳುತ್ತಿದ್ದ.

"ಯಾರವ್ವ ಇವನು?"

"ಚಿಲಚಾಪ್ ಕಡೆ ಅಜ್ಜ, ಬು. ಹೆಂಡತಿ ಸತ್ತಿದ್ದಾಳಂತೆ. ಈಗ ಆ ಭಾಗ ಬರುತ್ತೆ, ಕೂತ್ಕೊಳ್ಳಿ."

ಕೂತೆ. ಪೊರಕೆ ಪಕ್ಕಕ್ಕಿಟ್ಟು ಇಬ್ಬರೂ ಕಣ್ಣೊರೆಸಿಕೊಂಡೆವು. ಆಮೇಲೆ ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳತೊಡಗಿದಳು, ಮನೆಯಲ್ಲಿ ಸದ್ದಿಲ್ಲವಾಯಿತು. ಆದರೆ ನನಗೆ ಗೊತ್ತಿತ್ತು, ದಿನವಿಡೀ ಊರ ಜನರ ಮಾತೆಲ್ಲ ಅವಳ ಕಿವಿಯಲ್ಲಿ, ಅವಳ ಜೊತೆ ಮಾತಾಡುವವರು ಮಾತ್ರ ಒಬ್ಬರೂ ಇಲ್ಲ. ಊಟದ ಹೊತ್ತಿಗೆ ಹೊರಗೆ ಬಂದರೆ ಅವಳ ಸ್ವರ ತುಕ್ಕು ಹಿಡಿದಂತೆ ಇರುತ್ತಿತ್ತು.

ಸಂಜೆ ಮಾತ್ರ ಜಗಲಿ ತುಂಬುತ್ತಿತ್ತು. ಕಿರಿಯ ವಿದ್ಯಾರ್ಥಿಗಳು 'ಮ್ಬಾಕ್', ಅಂದರೆ ಅಕ್ಕ, ಎನ್ನುತ್ತ ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಕ್ಷೇತ್ರಕಾರ್ಯಕ್ಕೆ ಯಾರು ಹಣ ಕೊಡುತ್ತಾರೆ, ಜಪಾನಿನಲ್ಲಿ ಯಾವ ವಿಭಾಗ ಮೂರು ತಿಂಗಳಿಗೆ ಕರೆಸಿಕೊಳ್ಳುತ್ತದೆ, ಅರ್ಜಿಯ ಮೊದಲ ಸಾಲಿನಲ್ಲಿ ಏನಿರಬೇಕು, ಎಲ್ಲವೂ ಅವಳ ನಾಲಿಗೆಯ ತುದಿಯಲ್ಲಿತ್ತು. ಅವಳು ತಿದ್ದಿಕೊಟ್ಟ ಅರ್ಜಿ ಹಿಡಿದು ಒಬ್ಬಳು ಆಸ್ಟ್ರೇಲಿಯಾಕ್ಕೆ ಹೋದಳು, ಒಬ್ಬ ಸಚಿವಾಲಯ ಸೇರಿದ, ಇನ್ನೊಬ್ಬಳು ಜಕಾರ್ತಾದಲ್ಲಿ ಚುನಾವಣೆ ಸಮೀಕ್ಷೆ ಮಾಡುವ ಕಂಪನಿಯಲ್ಲಿ ದೊಡ್ಡ ಹುದ್ದೆಗೇರಿದಳು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಅವರು ರಂಜಾನ್ ಹಬ್ಬಕ್ಕೆ ಮೊದಮೊದಲು ಫೋನ್ ಮಾಡುತ್ತಿದ್ದರು. ಆಮೇಲೆ ಎಲ್ಲರಿಗೂ ಕಳಿಸುವ ಚಿತ್ರವೊಂದನ್ನು ಅವಳಿಗೂ ಕಳಿಸುತ್ತಿದ್ದರು.

ಡಾಕ್ಟರೇಟು ಮುಗಿಯಲು ಬಹಳ ಕಾಲ ಹಿಡಿಯಿತು. ಹೊಟ್ಟೆಪಾಡಿಗೆ ಊರವರ ಕೆಲಸ ಮಾಡುತ್ತ ತನ್ನದನ್ನು ಬರೆಯುವುದು ಎಂದರೆ ಹಾಗೆಯೇ. ಮುಗಿಯುವ ಹಿಂದಿನ ವರ್ಷ ಅಮ್ಮ ತೀರಿಕೊಂಡಳು. ನಮ್ಮಲ್ಲಿ ಪದವಿ ಪ್ರದಾನ ಎಂದರೆ ಊರಿನಿಂದ ವ್ಯಾನು ಮಾಡಿಕೊಂಡು ಅಜ್ಜಿ, ಚಿಕ್ಕಪ್ಪ, ಕೈಗೂಸು ಎಲ್ಲ ಬಂದಿಳಿಯುವುದು ಪದ್ಧತಿ. ವುರ್ಯಾನಿಯ ಕಡೆಯಿಂದ ನಾನೊಬ್ಬಳೇ ರೇಷ್ಮೆಯ ಕೆಬಾಯಾ ತೊಟ್ಟುಕೊಂಡು ಹೋಗಿ ಕುಳಿತೆ. ಫೋಟೊದವನು "ಅಮ್ಮ ಸ್ವಲ್ಪ ಹತ್ತಿರ ಬನ್ನಿ" ಎಂದಾಗ ಇಬ್ಬರೂ ತಿದ್ದಲಿಲ್ಲ. ಅಷ್ಟು ಹೊತ್ತಿಗೆ ಸರ್ಕಾರಿ ಅಧ್ಯಾಪಕ ಹುದ್ದೆಗೆ ಅವಳ ವಯಸ್ಸು ಮೀರಿತ್ತು.

ಹೀಗಿರುವಾಗ ಪಾಕ್ ಹುತಜುಲು ಬಂದರು. ಹಿರಿಯ ಗಂಡಸರನ್ನು ನಾವು ಪಾಕ್ ಎನ್ನುವುದು, ಅಯ್ಯಾ ಎಂದ ಹಾಗೆ. ಸುಮಾತ್ರಾದ ಮೆಡಾನ್ ಕಡೆಯ ಬಾತಕ್ ಜನಾಂಗದ ಮನುಷ್ಯ, ಕಂಚಿನ ಕಂಠ. ಸೆಮರಾಂಗಿನ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ವಲಸೆಯ ಬಗ್ಗೆ ಹೊಸ ಸಂಶೋಧನಾ ಕೇಂದ್ರ ಶುರುಮಾಡುತ್ತಿದ್ದವರು. ಅಂಥವರು ಫೋನಿನಲ್ಲಿ ಕರೆಯುವುದು ಬಿಟ್ಟು ತಾವೇ ಓಣಿ ಹುಡುಕಿಕೊಂಡು ಬಂದರೆಂದರೆ ವಿಷಯ ದೊಡ್ಡದೇ ಇರಬೇಕು. ನಾನು ಚಹಾ ಇಟ್ಟು ಪರದೆಯ ಹಿಂದೆ ನಿಂತೆ. ಕದ್ದು ಕೇಳಿದೆ ಎನ್ನಬೇಡಿ. ನನ್ನ ಮನೆ, ನನ್ನ ಪರದೆ.

ನಮ್ಮಲ್ಲಿ ಮುಂದಿಟ್ಟ ಚಹಾವನ್ನು ಅತಿಥಿ ಮುಟ್ಟುವುದಿಲ್ಲ. ಮನೆಯವರು ತಗೊಳ್ಳಿ ಎನ್ನಬೇಕು, ಅವರು ಪರವಾಗಿಲ್ಲ ಎನ್ನಬೇಕು, ಇವರು ಮತ್ತೆ ಒತ್ತಾಯ ಮಾಡಬೇಕು, ಆಮೇಲೆ ಒಂದು ಗುಟುಕು. ಪಾಕ್ ಹುತಜುಲು ನಾನು ಲೋಟ ಇಟ್ಟು ಕೈ ತೆಗೆಯುವಷ್ಟರಲ್ಲಿ ಅರ್ಧ ಕುಡಿದಿದ್ದರು. ಬಾಯಾರಿರಬೇಕು ಎಂದುಕೊಂಡೆ.

"ನಿಮ್ಮ ಪ್ರಬಂಧ ಓದಿದೆ. ಪೂರ್ತಿ ಓದಿದೆ, ಸುಮ್ನೆ ಹೇಳ್ತಿಲ್ಲ," ಎಂದರು. "ನನಗೆ ಕ್ಷೇತ್ರಕಾರ್ಯ ನೋಡ್ಕೊಳ್ಳೋ ಮುಖ್ಯಸ್ಥರು ಬೇಕು. ಕಾಯಂ ಹುದ್ದೆ. ವಯಸ್ಸಿನ ತಕರಾರು ನಮ್ಮಲ್ಲಿಲ್ಲ. ಬರ್ತೀರಾ?"

ನಾನು ಪರದೆಗೆ ಕಿವಿ ಹಚ್ಚಿದೆ. ವುರ್ಯಾನಿ ತಲೆ ತಗ್ಗಿಸಿದಳು.

"ಅಯ್ಯೋ ಪಾಕ್, ನನಗೆಲ್ಲಿ ಅಷ್ಟು ಯೋಗ್ಯತೆ? ನಾನಿನ್ನೂ ಕಲೀತಾ ಇರೋಳು. ನನಗಿಂತ ಚೆನ್ನಾಗಿ ಮಾಡೋರು ಎಷ್ಟೋ ಜನ ಇದ್ದಾರೆ."

"ಯಾರು?"

ಇದು ನಮ್ಮಲ್ಲಿ ಯಾರೂ ಕೇಳುವ ಪ್ರಶ್ನೆಯಲ್ಲ. "ಹಾಗೆಲ್ಲ ಅನ್ಬೇಡಿ, ನೀವೇ ಬರಬೇಕು" ಎಂಬುದು ಅವರ ಪಾಲಿನ ಮಾತು. ವುರ್ಯಾನಿ ತಡವರಿಸಿದಳು. ಹಿರಿಯರು ಕೇಳಿದ ಮೇಲೆ ಉತ್ತರ ಕೊಡದಿರುವುದು ಹೇಗೆ?

"ನನ್ನ ಹತ್ರ ಬರೋ ಹುಡುಗ ಒಬ್ಬನಿದ್ದಾನೆ, ಗುರಿತ್ನೊ ಅಂತ. ಬುದ್ಧಿವಂತ. ಈ ವರ್ಷ ತಾನೇ ಓದು ಮುಗಿಸಿದ."

"ಗುರಿತ್ನೊ. ಸರಿ." ಉಳಿದ ಚಹಾ ಕುಡಿದು ಎದ್ದುನಿಂತರು. "ನೇರವಾಗಿ ಹೇಳಿದ್ದಕ್ಕೆ ಸಂತೋಷ. ಈ ಜಾವಾದಲ್ಲಿ ಇಪ್ಪತ್ತು ವರ್ಷದಿಂದ ಇದ್ದೀನಿ, ನೇರವಾಗಿ ಮಾತಾಡೋರು ಸಿಗೋದೇ ಅಪರೂಪ."

ಅವರ ಕಾರು ಓಣಿ ದಾಟಿದ ಮೇಲೆ ನಾವಿಬ್ಬರೂ ಏನು ಮಾಡಿದೆವು ಗೊತ್ತೇ? ಕೈ ಕೈ ಹಿಡಿದುಕೊಂಡು ಹುಡುಗಿಯರ ಹಾಗೆ ಕುಣಿದೆವು. ಅವಳು ಮೊದಲ ಸಲಕ್ಕೇ ಹೂಂ ಎಂದಿದ್ದರೆ ನಾನೇ ನಾಚಿ ನೀರಾಗುತ್ತಿದ್ದೆ. ನನ್ನನ್ನು ಕೇಳಲು ನನ್ನ ಗಂಡನ ಕಡೆಯವರು ಬಂದಾಗ ನಮ್ಮಪ್ಪ ಎರಡು ಸಲ "ನಮ್ಮ ಹುಡುಗಿಗೆ ಅನ್ನ ಮಾಡೋಕೂ ಬರಲ್ಲ" ಎಂದಿದ್ದ. ಅವರು ಮೂರನೆಯ ಸಲ ಬಾಳೆಗೊನೆ ಹೊತ್ತು ಬಂದರು, ಮದುವೆಯಾಯಿತು. ಬಾತಕ್ ಜನರ ಸುತ್ತುಬಳಸಿಲ್ಲದ ಮಾತಿನ ರೀತಿ ಎಂಥದು ಎಂದು ಪರೀಕ್ಷೆಯಲ್ಲಿ ಕೇಳಿದ್ದರೆ ವುರ್ಯಾನಿ ಪುಟಗಟ್ಟಲೆ ಬರೆಯುತ್ತಿದ್ದಳು. ಮನೆಗೆ ಬಂದ ಹಿರಿಯರ ಮುಂದೆ ಅವಳ ಬಾಯಿಗೆ ಬಂದದ್ದು ಅಮ್ಮ ಕಲಿಸಿದ ಮಾತು.

"ಯಾವಾಗ ಹೋಗ್ಬೇಕಾಗುತ್ತೆ ನಾಕ್?"

"ಇನ್ನೊಂದು ಸಲ ಕೇಳ್ತಾರಲ್ಲ ಬು, ಆಗ ಗೊತ್ತಾಗುತ್ತೆ."

ಮರುದಿನ ನಾನು ಶುಭಕ್ಕೆಂದು ಹಳದಿ ಅನ್ನ ಮಾಡಿ ಕೋಣೆ ಕೋಣೆಗೆ ಹಂಚಿದೆ. ಅವಳು ಮಾರುಕಟ್ಟೆಗೆ ಹೋಗಿ ಕಚೇರಿಗೆ ಹಾಕುವಂಥ ಕಪ್ಪು ಚಪ್ಪಲಿ ತಂದಳು, ತನ್ನ ಅಕ್ಕಿ ಬೇಯಿಸುವ ಕುಕ್ಕರನ್ನು ಪಕ್ಕದ ಕೋಣೆಯ ಹುಡುಗಿಗೆ ಕೊಡುತ್ತೇನೆಂದು ಮಾತೂ ಕೊಟ್ಟಳು. ಫೋನು ಬಂದರೆ ಕೇಳಿಸದೆ ಹೋದೀತೆಂದು ಹೆಡ್‌ಫೋನು ಹಾಕಿಕೊಳ್ಳುವುದನ್ನೇ ಬಿಟ್ಟಳು. ಕೆಲಸ ಅಲ್ಲಿಗೆ ನಿಂತಿತು. ಬಾಗಿಲು ತೆರೆದಿಟ್ಟುಕೊಂಡು ಮಂಚದ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ನಾನು ಬಾವಿಕಟ್ಟೆಗೆ ಹೋದಾಗಲೆಲ್ಲ ಮುಖ ನೋಡುತ್ತಿದ್ದೆ. ಅವಳು ಇಲ್ಲ ಎಂಬಂತೆ ತಲೆಯಾಡಿಸಿ ನಗುತ್ತಿದ್ದಳು. ವಾರ ಕಳೆಯಿತು, ಇನ್ನೊಂದು ಕಳೆಯಿತು. ನಗುವುದು ನಿಂತಿತು. ನಾನು ಬಾವಿಕಟ್ಟೆಗೆ ಹೋಗುವ ಹೊತ್ತನ್ನೇ ಬದಲಿಸಿಕೊಂಡೆ, ಅವಳ ಕಣ್ಣು ತಪ್ಪಿಸಲಿಕ್ಕೆ.

ಒಂದು ಸಂಜೆ ಗುರಿತ್ನೊ ಬಂದ. ಕೈಯಲ್ಲಿ ಬಾಕ್‌ಪಿಯಾ ಸಿಹಿಯ ಡಬ್ಬಿ, ಮೈಮೇಲೆ ಹೊಸ ಬಾಟಿಕ್ ಅಂಗಿ. ಬಂದವನೇ ಬಗ್ಗಿ ವುರ್ಯಾನಿಯ ಕೈಯನ್ನು ಹಣೆಗೊತ್ತಿಕೊಂಡ. ನಾನು ಚಹಾ ತರುವ ಹೊತ್ತಿಗೆ ಅವನ ಮಾತು ಶುರುವಾಗಿತ್ತು.

"ಮ್ಬಾಕ್, ನಿಮ್ಮ ಋಣ ಹೇಗೆ ತೀರಿಸ್ಲಿ? ನಿನ್ನೆ ನೇಮಕದ ಆದೇಶ ಬಂತು. ನೀವೇ ನನ್ನ ಹೆಸರು ಹೇಳಿದ್ದಂತೆ. ಪಾಕ್ ಹುತಜುಲು ಹೇಳಿದ್ರು, 'ಮೊದಲು ಅವರನ್ನೇ ಕೇಳಿದೆ, ಅವರಿಗೆ ಬೇಡವಂತೆ, ಸ್ವತಂತ್ರವಾಗಿ ಇರೋದೇ ಇಷ್ಟ ಅನ್ಸುತ್ತೆ' ಅಂತ."

ನಾನು ಚಹಾದ ತಟ್ಟೆ ಕುಕ್ಕಿದೆ. ವುರ್ಯಾನಿಯ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹಾಳು ಸಂಸ್ಕಾರ! ಅವಳು ಮೆತ್ತಗೆ, "ಒಳ್ಳೇದಾಯ್ತು ಗುರಿತ್. ನಿನ್ನ ಹೆಂಡತಿಗೆ ಎಷ್ಟು ತಿಂಗಳು ಈಗ?" ಎಂದಳು.

"ಏಳು, ಮ್ಬಾಕ್."

"ಹಾಗಿದ್ರೆ ಸರಿಯಾದ ಹೊತ್ತಿಗೆ ಬಂತು."

ನಾನು ಅವಳನ್ನು ನೆಪ ಮಾಡಿ ಅಡುಗೆಮನೆಗೆ ಕರೆದೆ. "ಫೋನ್ ಮಾಡು. ಈಗಲೇ ಮಾಡು ಆ ಮನುಷ್ಯನಿಗೆ," ಎಂದು ಹಲ್ಲು ಕಚ್ಚಿಕೊಂಡು ಹೇಳಿದೆ.

"ಏನಂತ ಮಾಡ್ಲಿ ಬು? ನಾನು ಬೇಡ ಅಂದಿದ್ದು ಬೇಕು ಅಂತಲಾ?"

"ಹೌದು! ಹಾಗೇ ಹೇಳು!"

"ಆ ಹುಡುಗನ ತಟ್ಟೆಗೆ ಬಡಿಸಿ ಆಗಿದೆ. ಕಿತ್ಕೊಳ್ಳೋಕೆ ನನ್ನ ಕೈಲಾಗಲ್ಲ." ನನ್ನ ಭುಜದ ಬಟ್ಟೆಯಲ್ಲೇ ಕಣ್ಣೊತ್ತಿಕೊಂಡು ಹೊರಗೆ ಹೋದಳು. ನಾನು ಹಿಂದೆಯೇ ಹೋದೆ.

ಗುರಿತ್ನೊ ಚಹಾ ಮುಟ್ಟಿರಲಿಲ್ಲ. ತಗೋ ಎಂದು ನಾನು ಎರಡು ಸಲ ಹೇಳಿದ ಮೇಲೆ ಲೋಟ ತುಟಿಗೆ ತಾಗಿಸಿ ಇಟ್ಟ. ಅವನ ಮನಸ್ಸಿನಲ್ಲಿ ಇನ್ನೂ ಏನೋ ಇತ್ತು. ಹವೆಯ ಮಾತಾಡಿದ, ರಸ್ತೆಯ ಮಾತಾಡಿದ, ಕೊನೆಗೆ ನೆಲ ನೋಡುತ್ತ ವಿಷಯ ಎತ್ತಿದ.

"ಕೇಳೋಕೇ ಸಂಕೋಚ, ಮ್ಬಾಕ್. ಕೇಂದ್ರದ ಮೊದಲ ಸಮೀಕ್ಷೆ ವೊನೊಗಿರಿಯಲ್ಲೇ. ಆ ಹಳ್ಳಿಗಳು ನಿಮಗೆ ಗೊತ್ತಿರೋ ಹಾಗೆ ಯಾರಿಗೂ ಗೊತ್ತಿಲ್ಲ. ಮೂರು ತಿಂಗಳ ಕೆಲಸ ಅಷ್ಟೆ, ದಿನಗೂಲಿ ಲೆಕ್ಕ. ನಿಮ್ಮಂಥೋರನ್ನ ಮನೆ ಮನೆಗೆ ಪ್ರಶ್ನೆ ಕೇಳೋಕೆ ಕಳಿಸೋದು ಅಂದ್ರೆ ನನಗೆ..."

ಅವನು ನಮ್ಮವನು. ಅವಳು ಬೇಡ ಎನ್ನುತ್ತಾಳೆ, ತಾನು ಇನ್ನೊಮ್ಮೆ ಕೇಳಬೇಕು, ಮತ್ತೊಮ್ಮೆ ಬಂದು ಕೇಳಬೇಕು ಎಂದು ಸಿದ್ಧನಾಗಿಯೇ ಬಂದಿದ್ದ. ಎಷ್ಟು ಸಲ ಬೇಕಾದರೂ ಕೇಳುತ್ತಿದ್ದ.

"ಬರ್ತೀನಿ," ಎಂದಳು ವುರ್ಯಾನಿ.

ಅವನ ಮಾತು ಇನ್ನೂ ಮುಗಿದಿರಲಿಲ್ಲ. ಹುಡುಗ ಗಕ್ಕನೆ ತಲೆಯೆತ್ತಿದ, ಕಿವಿಯವರೆಗೂ ಕೆಂಪಾದ.

"ಬರ್ತೀನಿ, ಗುರಿತ್," ಎಂದು ಅವಳು ಮತ್ತೆ ಹೇಳಿದಳು, ಅವನಿಗೆ ಕೇಳಿಸಲಿಲ್ಲವೇನೋ ಎಂಬಂತೆ. "ಯಾವತ್ತು ಹೊರಡಬೇಕು?"