ವೇಣುಗೋಪಾಲನ ಮೀ ಗೋರೆಂಗ್

ವೇಣುಗೋಪಾಲ ಬಾಲಿಗೆ ನಾಲ್ಕು ಸಲ ಹೋಗಿ ಬಂದಿದ್ದಾನೆ. ಪರ್ತ್‌ನವರಿಗೆ ಇದೇನು ದೊಡ್ಡ ವಿಷಯವಲ್ಲ, ಮೂರೂವರೆ ಗಂಟೆ ವಿಮಾನದಲ್ಲಿ ಕೂತರೆ ಬಾಲಿ. ಆದರೆ ಅವನ ಮಾತು ಕೇಳಿದರೆ ಇಂಡೊನೇಷ್ಯಾವನ್ನು ಅವನೇ ಕಂಡುಹಿಡಿದ ಹಾಗಿರುತ್ತದೆ. ಅಲ್ಲಿನ ಖಾರದ ನೂಡಲ್ಸ್, ಮೀ ಗೋರೆಂಗ್, ಈ ಊರಿನ ಕನ್ನಡಿಗರಲ್ಲಿ ತನಗೊಬ್ಬನಿಗೇ ಬರುತ್ತದೆ ಎಂದು ಎಲ್ಲರನ್ನೂ ನಂಬಿಸಿದ್ದ. ಯಾರಾದರೂ ಹೋಟೆಲಿನಲ್ಲಿ ತಿಂದೆವು ಎಂದರೆ ಸಾಕು, "ಅದೆಲ್ಲ ಫೇಕ್ ಕಣ್ರೀ" ಎಂದು ಮೂಗು ಮುರಿಯುತ್ತಿದ್ದ.

ಅವನು ಗಣಿ ಕಂಪನಿಯಲ್ಲಿ ಭೂವಿಜ್ಞಾನಿ. ಎರಡು ವಾರ ದೂರದ ಪಿಲ್ಬರಾದ ಗಣಿಯಲ್ಲಿ, ಒಂದು ವಾರ ಪರ್ತ್‌ನ ಕ್ಯಾನಿಂಗ್ ವೇಲ್ ಬಡಾವಣೆಯ ಮನೆಯಲ್ಲಿ. ಆ ಒಂದು ವಾರದಲ್ಲಿ ನಮ್ಮನ್ನು ಊಟಕ್ಕೆ ಕರೆದು, ಹಿತ್ತಲಿನ ಗ್ಯಾಸ್ ಒಲೆಯ ಮುಂದೆ ಏಪ್ರನ್ ಕಟ್ಟಿ ನಿಲ್ಲುತ್ತಿದ್ದ. ಬಾಣಲೆ ಎರಡು ಸಲ ಕುಲುಕಿ ವಿಡಿಯೊ ತೆಗೆಸಿಕೊಂಡರೆ ಅವನ ಅಡುಗೆ ಮುಗಿಯಿತು. ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು, ನೂಡಲ್ಸ್ ಹುರಿದು, ಸಿಹಿ ಸೋಯಾ ಸಾಸ್ ಹದವಾಗಿ ಬೆರೆಸಿ ಬಾಣಲೆ ತಂದಿಡುತ್ತಿದ್ದವರು ಅವನ ಹೆಂಡತಿ ಇಂದುಮತಿ. ಒಮ್ಮೆ ಬೇಗ ಹೋಗಿದ್ದ ನಾನು ಇದನ್ನು ಕಣ್ಣಾರೆ ಕಂಡೆ. ಆದರೂ ತಟ್ಟೆ ಕೈಗೆ ಬಂದಾಗ "ಸೂಪರ್, ವೇಣು" ಎಂದೆ. ಬಿಟ್ಟಿ ಊಟದ ಮುಂದೆ ನನ್ನ ನಾಲಿಗೆಯೂ ಅಷ್ಟೇ.

ಇಂದುಮತಿಗಿದ್ದದ್ದು ಒಂದೇ ಆಸೆ, ಶನಿವಾರದ ಮಾರ್ಕೆಟ್ಟಿನಲ್ಲಿ ಮೀ ಗೋರೆಂಗ್ ಸ್ಟಾಲ್. ಚೈಲ್ಡ್‌ಕೇರ್‌ನಲ್ಲಿ ಜೊತೆಗೆ ಕೆಲಸ ಮಾಡುವ, ಇಂಡೊನೇಷ್ಯಾದ ಸುರಬಾಯಾದ ಹೆಂಗಸಿನಿಂದ ಎರಡು ವರ್ಷ ಕಲಿತಿದ್ದರು. ಮಡಚುವ ಮೇಜು, ದೊಡ್ಡ ಕೊಡೆ ಆಗಲೇ ಗ್ಯಾರೇಜಿನಲ್ಲಿದ್ದವು. ಅರ್ಜಿ ತುಂಬಿದವನು ಮಾತ್ರ ವೇಣು. ಅಡುಗೆಯವರ ಹೆಸರು ಎಂಬಲ್ಲಿ ತನ್ನ ಹೆಸರನ್ನೇ ಬರೆದ. ಮೂರರಲ್ಲಿ ಎರಡು ಶನಿವಾರ ಗಣಿಯ ಕೆಂಧೂಳಿನಲ್ಲಿರುವ ಮನುಷ್ಯ! ನಾಚಿಕೆ ಬೇಡವೇ? ನಾನು ಕೇಳಿದ್ದಕ್ಕೆ, "ಇವಳಿಗೆ ಕಾನ್ಫಿಡೆನ್ಸ್ ಇಲ್ಲ ಕಣೋ. ಸ್ಟಾಲಿಗೆ ಫೇಸ್ ನಾನಿರ್ತೀನಿ" ಎಂದ.

ಭಾನುವಾರ ಮಧ್ಯಾಹ್ನ ಮಾರ್ಕೆಟ್ಟಿನ ಕಡೆಯಿಂದ ವಾತಿ ಎಂಬವರು ರುಚಿ ನೋಡಲು ಬಂದರು. ಜಕಾರ್ತಾದವರು. ಉಳಿದಿದ್ದದ್ದು ಒಂದೇ ಸ್ಟಾಲ್, ತೀರ್ಮಾನ ಅಂದೇ ಆಗಬೇಕಿತ್ತು. ತನ್ನ ಪ್ರತಾಪ ನೋಡಲೆಂದು ವೇಣು ನನ್ನನ್ನೂ ಕರೆಸಿಕೊಂಡಿದ್ದ. ಇಂದುಮತಿ ಬಾಣಲೆ ತಂದಿಟ್ಟರೆ ವಾತಿ ಅದನ್ನು ಮುಟ್ಟಲೇ ಇಲ್ಲ. ಅರ್ಜಿಯಲ್ಲಿ ಹೆಸರಿದ್ದವನೇ ಮೊದಲಿನಿಂದ ಮಾಡಿ ತೋರಿಸಲಿ ಎಂದು ಕುರ್ಚಿ ಎಳೆದು ಕೂತರು.

ಮಹಾಶಯನ ಕೈಗೆ ಗೊತ್ತಿದ್ದದ್ದು ಬ್ರಹ್ಮಚಾರಿ ದಿನಗಳ ಶಾವಿಗೆ ಉಪ್ಪಿಟ್ಟು ಒಂದೇ. ಎಣ್ಣೆಗೆ ಸಾಸಿವೆ ಹಾಕಿದ. ಅದು ಸಿಡಿದ ಮೇಲೆ ಎರಡು ಲೋಟ ನೀರು ಸುರಿದು, ನೂಡಲ್ಸ್ ಹಾಕಿ, ಮುಚ್ಚಳ ಮುಚ್ಚಿ, ಬಾಲಿಯ ಸಮುದ್ರದ ಬಗ್ಗೆ ಭಾಷಣ ಶುರುಮಾಡಿದ. ಐದು ನಿಮಿಷದ ಮೇಲೆ ಮುಚ್ಚಳ ತೆಗೆದರೆ ಒಳಗೆ ಅಂಟಿನಂಥ ಗಂಜಿ.

"ಇಂದು, ಸ್ವಲ್ಪ ಬಾ. ಗ್ಯಾಸ್ ಯಾಕೋ ಸರಿಯಿಲ್ಲ."

ಇಂದುಮತಿ ಕೂತಲ್ಲಿಂದ ಏಳಲಿಲ್ಲ. ಸ್ಟಾಲ್ ಕೈಬಿಟ್ಟು ಹೋಗುವುದರಲ್ಲಿತ್ತು. "ಗ್ಯಾಸ್ ಸರಿಯಾಗೇ ಇದೆ ರೀ. ಮೊದ್ಲು ಫಾರ್ಮಲ್ಲಿ ಹೆಸರು ತಿದ್ದಿ, ಆಮೇಲೆ ಬರ್ತೀನಿ" ಎಂದರು.

ವೇಣು ನನ್ನ ಮುಖ ನೋಡಿದ. ನಾನು ಹುಲ್ಲು ನೋಡಿದೆ. ವಾತಿಗೆ ಕನ್ನಡ ಬಾರದಿದ್ದರೂ ವಿಷಯ ತಿಳಿಯಿತು, ಅರ್ಜಿ, ಪೆನ್ನು ಎರಡನ್ನೂ ಮುಂದೆ ಚಾಚಿದರು. ಅವನು ತನ್ನ ಹೆಸರು ಹೊಡೆದು ಹಾಕಿ ಹೆಂಡತಿಯ ಹೆಸರು ಬರೆದ.

ಇಂದುಮತಿ ಬಾಣಲೆ ತೊಳೆದು ಹತ್ತೇ ನಿಮಿಷದಲ್ಲಿ ಮಾಡಿ ಬಡಿಸಿದರು. ವಾತಿ ಎರಡನೇ ಸಲ ಹಾಕಿಸಿಕೊಂಡು, ಶನಿವಾರ ಬೆಳಿಗ್ಗೆ ಆರಕ್ಕೆ ಬಂದುಬಿಡಿ ಎಂದರು. ಆಮೇಲೆ ನನ್ನ ತಟ್ಟೆ ಬಂತು. ಒಂದು ತುತ್ತು ತಿಂದೆ, ಅಭ್ಯಾಸಬಲದಿಂದ ವೇಣುವಿನ ಕಡೆ ತಿರುಗಿ "ಸೂಪರ್" ಎಂದೆ.

"ಚಾಮರಾಜ್, ಈ ಸಲನಾದ್ರೂ ನನ್ನ ಮುಖ ನೋಡಿ ಹೇಳಿ" ಎಂದರು ಇಂದುಮತಿ.