ಕಲ್ಯಾಣಿಯಕ್ಕನ ಸ್ವರ

ಇಂಥದ್ದನ್ನು ಬೇರೆಯವರು ಹೇಳಿದಾಗ ನಾನು ನಕ್ಕವನೇ. ಎಲ್ಲ ಮನಸ್ಸಿನ ಭ್ರಮೆ ಎಂದು ವಾದಿಸಿದ್ದೂ ಉಂಟು. ಹಾಗಾಗಿ ನೀವು ನಂಬಲೇಬೇಕೆಂದು ಒತ್ತಾಯಿಸುವ ಹಕ್ಕು ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಎಪ್ಪತ್ತರ ದಶಕ. ಕಾಪುವಿನವನಾದ ನಾನು ಕಾರ್ಕಳದ ಹತ್ತಿರದ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದೆ. ವಯಸ್ಸು ಇಪ್ಪತ್ತಾರು. ನೂರರಷ್ಟು ಹೆಂಗಸರು ಗೇರುಸಿಪ್ಪೆಯ ಎಣ್ಣೆ ಸುಡದ ಹಾಗೆ ಕೈಗೆ ಬೂದಿ ಹಚ್ಚಿಕೊಂಡು ಸಾಲಾಗಿ ಕುಳಿತು ಬೀಜ ಒಡೆಯುತ್ತಿದ್ದರು. ಆ ಟಕ್ ಟಕ್ ಸದ್ದಿನ ನಡುವೆಯೇ ತುಳುವಿನಲ್ಲಿ ತಮಾಷೆ, ನಗು. ನನಗೆ ಹುಡುಗಿ ಹುಡುಕುವ ಜವಾಬ್ದಾರಿಯನ್ನೂ ಅವರೇ ವಹಿಸಿಕೊಂಡಿದ್ದರು. ಈಗ ಆ ಕಾರ್ಖಾನೆ ಇಲ್ಲ. ಎಲ್ಲಾದರೂ ಗೇರುಬೀಜ ಸುಟ್ಟ ವಾಸನೆ ಬಂದರೆ ಮಾತ್ರ ಕಾಲು ತಾನಾಗಿ ನಿಲ್ಲುತ್ತದೆ.

ಆ ವರ್ಷ ಸುತ್ತಮುತ್ತ ಕಾಲರಾ ಹಬ್ಬಿತು. ಹೆಂಗಸರೆಲ್ಲ ಕುಡಿಯುತ್ತಿದ್ದುದು ಕಾರ್ಖಾನೆಯ ಬಾವಿಯ ನೀರು. ಅವರಲ್ಲಿ ಹಿರಿಯರಾದ ಕಲ್ಯಾಣಿಯಕ್ಕ ನನ್ನ ಬಳಿ ಬಂದು, ಬೀಜ ಬೇಯಿಸುವ ಒಲೆಯಲ್ಲೇ ದಿನಕ್ಕೆ ಎರಡು ಹಂಡೆ ನೀರು ಕುದಿಸಿಕೊಡಿ ಎಂದು ಕೇಳಿದರು. ದೊಡ್ಡ ಕೆಲಸವೇನಲ್ಲ. ಆದರೆ ಒಲೆ ಬೇರೆ ಯಾವುದಕ್ಕೂ ಬಿಡಬಾರದೆಂದು ಮ್ಯಾನೇಜರರ ತಾಕೀತಿತ್ತು. ಬೇಕಾದವರು ಮನೆಯಿಂದ ತರಲಿ ಎಂದುಬಿಟ್ಟೆ.

ಅವರು ಎಲ್ಲರೆದುರೇ ಹೇಳಿದರು: "ನಿಮಗೆ ಕುದಿಸಿದ ನೀರು ನಿಮ್ಮ ರೂಮಿನಿಂದ ಬರ್ತದೆ. ನಮ್ಮದೂ ಹೊಟ್ಟೆಯೇ ಅಲ್ವಾ?"

ಎಲ್ಲರೂ ಕೇಳುವ ಹಾಗೆ ಅಂದದ್ದಕ್ಕೆ ನನಗೆ ಸಿಟ್ಟು ಬಂತು. ಒಂದು ವಾರ ಕೆಲಸಕ್ಕೆ ಬರುವುದು ಬೇಡ ಎಂದು ಅವರನ್ನು ಮನೆಗೆ ಕಳುಹಿಸಿದೆ.

ನಗು ನಿಂತಿತು. ಯಾರೂ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ನನಗೂ ಹಟ ಬಂತು. ಈ ನೀರಿಗೆ ಏನೂ ಆಗಿಲ್ಲ, ನೋಡಿ ಎಂದು ಎಲ್ಲರಿಗೂ ಕಾಣುವ ಹಾಗೆ ಬಾವಿಕಟ್ಟೆಗೆ ಹೋಗಿ ನೀರು ಸೇದಿ, ತಂಬಿಗೆ ಎತ್ತಿದೆ.

"ಬೇಡ. ಕುಡಿಯಬೇಡಿ."

ಕಿವಿಯ ಪಕ್ಕದಲ್ಲೇ ಕೇಳಿತು. ಹೊಗೆ ಕುಡಿದು ಒಡೆದುಹೋದ ಕಲ್ಯಾಣಿಯಕ್ಕನ ಸ್ವರ. ಬೇರೆ ಯಾರದೂ ಆಗಿರಲು ಸಾಧ್ಯವಿಲ್ಲ. ಮಣಿಕಟ್ಟನ್ನು ಒರಟು ಬೆರಳುಗಳು ಹಿಡಿದಂತಾಯಿತು. ತಿರುಗಿ ನೋಡಿದೆ. ಹತ್ತಿರದಲ್ಲಿ ಯಾರೂ ಇಲ್ಲ. ಹೆಂಗಸರೆಲ್ಲ ದೂರದಲ್ಲಿ, ತಮ್ಮ ತಮ್ಮ ಜಾಗದಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದರು. ಬೇಡ ಎಂದದ್ದು ಯಾರು ಎಂದು ಕೇಳಿದೆ. ಯಾರಿಗೂ ಏನೂ ಕೇಳಿಸಿರಲಿಲ್ಲ.

ನೀರು ಚೆಲ್ಲಿದೆ. ಮ್ಯಾನೇಜರರನ್ನು ಕೇಳದೆ ಒಲೆಯ ಮೇಲೆ ನಾನೇ ಹಂಡೆ ಇಟ್ಟೆ.

ಸಂಜೆ ಸುದ್ದಿ ಬಂತು. ಕಲ್ಯಾಣಿಯಕ್ಕನಿಗೆ ವಾಂತಿಭೇದಿಯಾಗಿ, ಬೆಳಿಗ್ಗೆಯೇ ಜೀಪಿನಲ್ಲಿ ಮಣಿಪಾಲಕ್ಕೆ ಒಯ್ದಿದ್ದರಂತೆ. ನಾನು ತಂಬಿಗೆ ಎತ್ತಿದ ಹೊತ್ತಿನಲ್ಲಿ ಅವರಿಗೆ ಪ್ರಜ್ಞೆಯೇ ಇರಲಿಲ್ಲ. ಮರುವಾರ ಆರೋಗ್ಯ ಇಲಾಖೆಯವರು ಬಂದು ಆ ಬಾವಿಯ ನೀರು ಕೆಟ್ಟಿದೆ ಎಂದು ಮುಚ್ಚಿಸಿದರು.

ಅವರು ಬದುಕಿದರು. ತಿಂಗಳ ಮೇಲೆ ಕೆಲಸಕ್ಕೆ ಮರಳಿದಾಗ ಅರ್ಧ ಆಗಿದ್ದರು. ಕ್ಷಮೆ ಕೇಳಿ, ನಡೆದದ್ದನ್ನೆಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಬೀಜ ಕೆಳಗಿಟ್ಟು ನನ್ನ ಮುಖ ನೋಡಿದರು.

"ನಾನೆಂತಕ್ಕೆ ನಿಮ್ಮನ್ನು ತಡೆಯುವುದು?" ಎಂದರು. "ನೀವೂ ಒಮ್ಮೆ ಅದೇ ನೀರು ಕುಡಿಯಬೇಕು ಅಂತಲೇ ನನ್ನ ಮನಸ್ಸಿನಲ್ಲಿ ಇದ್ದದ್ದು."

ಆ ಮಾತು ಸುಳ್ಳಲ್ಲ ಎಂದು ನನಗೆ ಗೊತ್ತು. ಹಾಗಾದರೆ ಆ ಮಧ್ಯಾಹ್ನ ನನ್ನ ಕೈ ಹಿಡಿದವರು ಯಾರು ಎಂಬುದು ಇಂದಿಗೂ ಗೊತ್ತಿಲ್ಲ.