ಗಂಗಾಂಬಿಕೆಯ ಬಸವನಪಾದದ ಗಿಡ

ಸದಾಶಿವನಗರದ ಮೂರನೇ ಕ್ರಾಸಿನಲ್ಲಿ ಗಂಗಾಂಬಿಕೆಗೆ ಜಗಳಗಂಟಿ ಎಂದು ಹೆಸರು. ಒಂದು ಗಿಡದಿಂದ ಬಂದ ಹೆಸರು. ಅವಳು ಅದನ್ನು ಅಲ್ಲಗಳೆದವಳಲ್ಲ.

ಬೆಳ್ಳಾವಿಯಲ್ಲಿ ಹುಟ್ಟಿದವಳು, ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು. ಗಂಡ ಮಹಾಲಿಂಗಯ್ಯನಿಗೆ ಶಿರಾ ಗೇಟಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. ದಿನವಿಡೀ ತಾಮ್ರದ ತಂತಿ ಸುತ್ತಿ ಮನೆಗೆ ಬಂದರೆ ಅವನ ಬಾಯಲ್ಲಿ ಮಾತು ಉಳಿದಿರುತ್ತಿರಲಿಲ್ಲ. ಕುಣಿಗಲ್ ಕಡೆ ಮೋಟರ್ ಕೊಟ್ಟು ಬರಲು ಹೋದವನು ಒಂದು ದಿನ ನರ್ಸರಿಯಿಂದ ಮೊಣಕಾಲೆತ್ತರದ ಬಸವನಪಾದದ ಸಸಿ ತಂದ. ಎಲೆ ಎತ್ತಿನ ಗೊರಸಿನಂತೆ ಸೀಳಿರುವುದರಿಂದ ಅದಕ್ಕೆ ಆ ಹೆಸರು. ಗುಂಡಿ ತೆಗೆದು, ಕೆಮ್ಮಣ್ಣು, ಮರಳು, ಹಳೇ ಗೊಬ್ಬರ ಬೆರೆಸಿ ಗೇಟಿನ ಪಕ್ಕ ನೆಟ್ಟ. ಗಿಡದ ವಿಷಯಕ್ಕೆ ಮಾತ್ರ ಅವನಿಗೆ ಬಾಯಿ ಬರುತ್ತಿತ್ತು.

“ಮಳೆ ನಿಂತ್ ಮೇಲೆ ನೀರು ಕಮ್ಮಿ ಮಾಡ್ಬೇಕು ಕಣೇ. ದಿನಾ ಹುಯ್ದ್ರೆ ಬರೀ ಸೊಪ್ಪು ಬಿಡ್ತದೆ. ಹೂವು ಉದುರಿದ್ ಮೇಲೇನೆ ರೆಂಬೆ ಸವರ್ಬೇಕು, ಮುಂಚೆ ಕೈ ಹಾಕ್ಬಾರ್ದು.”

“ನನಗ್ಯಾಕೆ ಹೇಳ್ತೀರಿ, ನೀವೇ ಮಾಡ್ಕಳಿ,” ಅಂದಿದ್ದಳು.

ಗಿಡ ನೆಟ್ಟ ಮೂರನೇ ವರ್ಷದ ಕಾರ್ತೀಕದಲ್ಲಿ, ಒಂದು ಹೂವನ್ನೂ ನೋಡದೆ, ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದ. ಬೆಳ್ಳಾವಿಯ ಹೊಲದಲ್ಲಿ ಮಣ್ಣು ಮಾಡಿದರು.

ಗಿಡ ಅವಳ ಪಾಲಿಗೆ ಬಿತ್ತು. ಪ್ರೀತಿಯಿಂದ ಸಾಕಲಿಲ್ಲ, ಸಿಟ್ಟಿನಿಂದ ಸಾಕಿದಳು. ಬೇಸಿಗೆಯಲ್ಲಿ ಅಕ್ಕಿ ತೊಳೆದ ನೀರು ಹುಯ್ದಳು. ಮಳೆ ನಿಂತ ಮೇಲೆ ಎಲೆ ಜೋತು ಬಿದ್ದರೂ ಕೊಡ ಎತ್ತಲಿಲ್ಲ. ವರ್ಷದ ಪೂಜೆಯ ದಿನ ಈ ಗಿಡದ ಹೂವು ಅವನ ಸಮಾಧಿಯ ಮೇಲಿರಬೇಕು. ಅವಳಿಗೆ ಬೇಕಾಗಿದ್ದು ಅಷ್ಟೇ.

ಪೂಜೆಗೆ ಹತ್ತು ದಿನ ಇರುವಾಗ ಮೊಗ್ಗು ಬಲಿಯಿತು. ಬೆಳಗ್ಗೆ ಅರಳಿರುತ್ತದೆ ಎಂದು ಬಾಗಿಲು ತೆಗೆದರೆ ಬರೀ ತೊಟ್ಟು.

ಮರುದಿನ ಐದೂವರೆಗೇ ಕಿಟಕಿಯಲ್ಲಿ ನಿಂತಳು. ಬಂದವನು ಎದುರು ಸಾಲಿನ ನರಸಿಂಹಯ್ಯ, ರಿಟೈರ್ಡ್ ಗುಮಾಸ್ತ. ತಲೆಗೆ ಮಂಕಿ ಕ್ಯಾಪು, ಒಂದು ಕೈಯಲ್ಲಿ ಕೊಕ್ಕೆ ಕಟ್ಟಿದ ಕೋಲು, ಇನ್ನೊಂದರಲ್ಲಿ ಬುಟ್ಟಿ. ವಾಕಿಂಗ್ ಎನ್ನುವುದು ನೆಪ. ಮೂರು ಕ್ರಾಸಿನ ಹೂವೆಲ್ಲ ಅವನ ಮನೆ ದೇವರ ಮೇಲಿರುತ್ತಿತ್ತು. ಅವನ ಅಂಗಳದಲ್ಲಿ ಕಾರು ಬಿಟ್ಟರೆ ಒಂದು ಹಸಿರು ಕಡ್ಡಿ ಇರಲಿಲ್ಲ.

“ಯಾರನ್ನ ಕೇಳಿ ಕೀಳ್ತಾ ಇದೀರಿ?”

“ದೇವ್ರ ಪೂಜೆಗಮ್ಮ. ಅದಕ್ಕೂ ಯಾರನ್ನಾದ್ರೂ ಕೇಳ್ತಾರ?”

“ಪೂಜೆ ನಿಮ್ದು, ಗಿಡಾನೂ ನೀವೇ ನೆಡಿ.”

“ರೆಂಬೆ ರೋಡಿಗೆ ಬಂದಿದೆ. ರೋಡು ಸರ್ಕಾರದ್ದು.” ಆಮೇಲೆ ಬುದ್ಧಿ ಹೇಳುವವನ ಹಾಗೆ, “ಅಲ್ಲಮ್ಮ, ಇನ್ನು ನಿಮಗ್ಯಾಕೆ ಹೂವು?” ಅಂದ.

ಗಂಡ ಸತ್ತವಳಿಗೆ ಹೂವು ಯಾಕೆ ಎಂದು ಅವನ ಮಾತು. ಗಂಗಾಂಬಿಕೆ ಒಳಗೆ ಹೋದಳು, ಬಕೆಟ್ ತಂದಳು, ಕಾಂಪೌಂಡಿನ ಮೇಲಿಂದ ಅವನ ಮೇಲೆ ಹುಯ್ದಳು. ಕ್ಯಾಪಿನಿಂದ ನೀರು ಸೋರಿಸುತ್ತಾ ಮನೆಗೆ ಹೋದ.

ಕ್ರಾಸಿನವರೆಲ್ಲ ಅವನ ಕಡೆ ಆದರು. “ವಯಸ್ಸಾದವರು, ಪೂಜೆ ಮಾಡೋರು, ನಾಲ್ಕು ಹೂವಿಗೆ ಹಿಂಗಾ ಆಡೋದು?” ಅಂದರು. ಅವಳು ರೆಂಬೆಗೆ ಜಾಲಿಮುಳ್ಳು ಕಟ್ಟಿದಳು. ಅವನು ಇನ್ನೂ ಉದ್ದದ ಕೋಲು ತಂದ. ಅವಳು ಐದಕ್ಕೆ ಎದ್ದರೆ ಅವನು ನಾಲ್ಕೂಮುಕ್ಕಾಲಿಗೆ ಬಂದ.

ಪೂಜೆಯ ದಿನ ಬೆಳ್ಳಾವಿಗೆ ಏಳು ಗಂಟೆ ಬಸ್ಸು. ಹಿಂದಿನ ಸಂಜೆ ಎರಡು ರೆಂಬೆಯ ತುಂಬ ಮೊಗ್ಗು ಬಿರಿಯುವಂತಿತ್ತು. ಬೇಗನೆ ಎದ್ದು ತಲೆಗೆ ನೀರು ಹಾಕಿಕೊಂಡು ಹೊರಗೆ ಬರುವಷ್ಟರಲ್ಲಿ ಎರಡೂ ರೆಂಬೆ ಬೋಳು.

ಒದ್ದೆ ತಲೆಯಲ್ಲೇ ರಸ್ತೆ ದಾಟಿದಳು. ನರಸಿಂಹಯ್ಯನ ಹೆಂಡತಿ ವನಜಮ್ಮ ಗೇಟಿನ ಮುಂದೆ ರಂಗೋಲಿ ಹಾಕುತ್ತಿದ್ದಳು. ಒಳಗೆ ಬಚ್ಚಲಲ್ಲಿ ನೀರಿನ ಸದ್ದು. ಬುಟ್ಟಿ ವರಾಂಡದ ಕಟ್ಟೆಯ ಮೇಲಿತ್ತು.

“ಏನ್ ಗಂಗಾಂಬಿಕೆ, ಇಷ್ಟ್ ಬೇಗ?”

ಗಂಗಾಂಬಿಕೆ ಅವಳನ್ನು ದಾಟಿ ಮೆಟ್ಟಿಲು ಹತ್ತಿದಳು. ಬುಟ್ಟಿಯಲ್ಲಿ ಯಾರದೋ ದಾಸವಾಳ, ಯಾರದೋ ಕಣಗಿಲೆ, ನಡುವೆ ಅವಳ ಗಿಡದ ನೇರಳೆ ಬಣ್ಣದ ಹೂವು. ತನ್ನವನ್ನು ಮಾತ್ರ ಆರಿಸಿ ಸೆರಗಿಗೆ ಹಾಕಿಕೊಂಡಳು.

“ದೇವ್ರಿಗೆ ಅಂತ ತಂದಿರೋದು. ಎತ್ಕೊಂಡ್ರೆ ಒಳ್ಳೇದಾಗಲ್ಲ ಕಣಮ್ಮ.”

“ನನಗೆ ಒಳ್ಳೇದಾಗೋದು ಹೋದ್ ವರ್ಷಾನೇ ಮುಗೀತು. ನಿಮ್ಮೆಜಮಾನ್ರಿಗೆ ಹೇಳಿ, ಕಿತ್ಕೊಟ್ಟಿದ್ದಕ್ಕೆ ಕೂಲಿ ಬೇಕಾದ್ರೆ ಬಂದ್ ಇಸ್ಕಳ್ಳಿ.”

“ಯಾರೇ ಅದು?” ಬಚ್ಚಲಿನಿಂದ ನರಸಿಂಹಯ್ಯ ಕೂಗಿದ.

“ನೀವು ಸ್ನಾನ ಮುಗಿಸ್ಕಳಿ, ಆಮೇಲೆ ಹೇಳ್ತೀನಿ,” ಅಂದಳು ವನಜಮ್ಮ, ರಂಗೋಲಿಯಿಂದ ತಲೆ ಎತ್ತದೆ.

ಬೆಳ್ಳಾವಿಯ ಹೊಲದಲ್ಲಿ ನೆಂಟರು ವಿಭೂತಿ, ಕಾಯಿ, ಕರ್ಪೂರ ಹಿಡಿದು ಕಾಯುತ್ತಿದ್ದರು. ಹೂವು ಬಾಡಲು ಶುರುವಾಗಿತ್ತು. ಕೊಕ್ಕೆಗೆ ಸಿಕ್ಕಿ ಎಸಳು ಹರಿದವನ್ನೂ ಬಿಡದೆ ಎಲ್ಲವನ್ನೂ ಸಮಾಧಿಯ ಮೇಲೆ ಸುರಿದಳು. ಅಳಲಿಲ್ಲ. ಬಗ್ಗಿ ಮಣ್ಣಿಗೆ ಕೇಳುವಷ್ಟೇ ಮೆಲ್ಲಗೆ ಗದರಿದಳು.

“ಬಿಟ್ಟೈತೆ, ನೋಡಿ. ಇನ್ನೊಂದು ವರ್ಷ ಇರಕ್ಕೆ ಏನಾಗಿತ್ತು ನಿಮಗೆ?”